ಬೆಂಚ್‌ಮಾರ್ಕ್ ಟೇಬಲ್ ಆಮೇಲೆ ನೋಡೋಣ, ಮೊದಲು ನಿಮ್ಮ ಕೋಡ್ ನೋಡಿ

ಫಂಕ್ಷನಲ್ ಪ್ರೋಗ್ರಾಮಿಂಗ್, ಅಂದರೆ ಇರುವ ಡೇಟಾವನ್ನು ಬದಲಿಸದೆ ಅದರಿಂದ ಹೊಸದನ್ನು ಮಾಡುತ್ತಾ ಕೋಡ್ ಬರೆಯೋದು, ಶುರು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ, "ಡೇಟಾ ಜೋಡಿಸಿಡೋಕೆ ಯಾವ ಡೇಟಾ ಸ್ಟ್ರಕ್ಚರ್ ಲೈಬ್ರರಿ ಫಾಸ್ಟು?" ಯಾವ ಕೆಲಸಕ್ಕೆ ಅಂತ ಹೇಳದೆ ಕೇಳಿದರೆ ಇದಕ್ಕೆ ಉತ್ತರವೇ ಇಲ್ಲ, ವೇಗ ಅಳೆದು ಹೋಲಿಸಿದ ಬೆಂಚ್‌ಮಾರ್ಕ್ ಟೇಬಲ್‌ನಲ್ಲೂ ಸಿಗಲ್ಲ.

ಹ್ಯಾಸ್ಕೆಲ್ ಅನ್ನೋ ಫಂಕ್ಷನಲ್ ಭಾಷೆಯ ಲಿಸ್ಟನ್ನೇ ತಗೊಳ್ಳಿ, ಅದರಲ್ಲಿ ಪ್ರತಿ ಐಟಂಗೂ ಮುಂದಿನದು ಎಲ್ಲಿದೆ ಅಂತ ಮಾತ್ರ ಗೊತ್ತು. ಮುಂದುಗಡೆ ಒಂದು ಐಟಂ ಸೇರಿಸೋದು ಅದಕ್ಕೆ ನೀರು ಕುಡಿದಷ್ಟು ಸುಲಭ. ಕೊನೆಯಲ್ಲಿ ಸೇರಿಸಬೇಕು ಅಂದರೆ ಇಡೀ ಲಿಸ್ಟನ್ನು ಮತ್ತೆ ಕಟ್ಟಬೇಕು. ಸಾವಿರನೇ ಐಟಂ ಬೇಕಾದರೆ ಹಿಂದಿನ ಎಲ್ಲವನ್ನೂ ಒಂದೊಂದಾಗಿ ದಾಟಬೇಕು. ಇದು ಗೊತ್ತಿದ್ದೂ ಪ್ರತಿ ಸುತ್ತಿನಲ್ಲಿ ಕೊನೆಗೆ ಐಟಂ ಅಂಟಿಸುತ್ತಾ ಹೋಗಿ, ಆಮೇಲೆ "ಹ್ಯಾಸ್ಕೆಲ್ ಸ್ಲೋ" ಅಂತ ಬೈಯುವವರನ್ನು ನೋಡಿದರೆ ನಗು ಬರುತ್ತೆ. ಎರಡೂ ತುದಿಯಲ್ಲಿ ಕೆಲಸ ಇದ್ದರೆ ಹ್ಯಾಸ್ಕೆಲ್‌ನಲ್ಲೇ ಸೀಕ್ವೆನ್ಸ್ ಇದೆಯಲ್ವಾ? ಹಿಂಜ಼ೆ ಮತ್ತು ಪ್ಯಾಟರ್ಸನ್ 2006ರಲ್ಲಿ ವಿವರಿಸಿದ, ಎರಡೂ ತುದಿ ಬೇಗ ಕೈಗೆ ಸಿಗುವ ಫಿಂಗರ್ ಟ್ರೀ ಅನ್ನೋ ಮರದ ಮೇಲೆ ನಿಂತಿರುವ ಸ್ಟ್ರಕ್ಚರ್ ಅದು.

ಇನ್ನೊಂದು ಕಡೆ ಹೆದರಿಕೆ. ಡೇಟಾ ಬದಲಾಗಲ್ಲ ಅಂದರೆ ಪ್ರತಿ ಸಲ ಪೂರ್ತಿ ಕಾಪಿ ಆಗುತ್ತಲ್ಲ ಅಂತ. ಇಲ್ಲ. ಕ್ಲೋಜರ್ ಅನ್ನೋ ಇನ್ನೊಂದು ಫಂಕ್ಷನಲ್ ಭಾಷೆಯಲ್ಲಿ ಐಟಂಗಳನ್ನು ಸಾಲಾಗಿ ಇಡುವ ವೆಕ್ಟರ್ ಒಳಗೆ ಒಂದು ಮರ ಇದೆ, ಪ್ರತಿ ನೋಡ್‌ಗೆ 32 ಕೊಂಬೆ. ನಾಲ್ಕು ಹಂತಕ್ಕೇ 10,48,576 ಐಟಂ ಹಿಡಿಸುತ್ತೆ. ಒಂದು ಐಟಂ ಬದಲಿಸಿದರೆ ಆ ದಾರಿಯಲ್ಲಿರುವ ನಾಲ್ಕೈದು ನೋಡ್ ಮಾತ್ರ ಹೊಸದಾಗುತ್ತವೆ, ಉಳಿದದ್ದನ್ನು ಹಳೆಯದೂ ಹೊಸದೂ ಹಂಚಿಕೊಳ್ಳುತ್ತವೆ. ಮ್ಯಾಪ್ ಅಂದರೆ ಕೀ ಕೊಟ್ಟರೆ ಅದರ ಜೊತೆ ಇಟ್ಟ ಡೇಟಾ ಕೊಡೋದು; ಕೀಯಿಂದ ಹ್ಯಾಶ್ ಅನ್ನೋ ಸಂಖ್ಯೆ ಲೆಕ್ಕ ಹಾಕಿ ಹುಡುಕಿದರೆ ಅದು ಹ್ಯಾಶ್ ಮ್ಯಾಪ್. ಕ್ಲೋಜರ್‌ನ ಹ್ಯಾಶ್ ಮ್ಯಾಪ್‌ನ ಬೇರು ಫಿಲ್ ಬ್ಯಾಗ್‌ವೆಲ್ 2001ರಲ್ಲಿ ಬರೆದ ಹ್ಯಾಶ್ ಟ್ರೈ ಅನ್ನೋ ಮರ. ಹಳೆಯ ಪ್ರತಿ ಕೆಡದ ಹಾಗೆ ಅದನ್ನು ಬದಲಿಸಿಕೊಂಡು ಭಾಷೆಯ ಒಳಗೇ ಇಟ್ಟವರು ಕ್ಲೋಜರ್ ಮಾಡಿದ ರಿಚ್ ಹಿಕ್ಕಿ.

ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ಹ್ಯಾಸ್ಕೆಲ್‌ನಲ್ಲೂ ವೆಕ್ಟರ್ ಇದೆ, ಅದು ನಿಜವಾಗಿ ಅರೇ, ಅಂದರೆ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಇಟ್ಟ ಸಾಲು. ಓದೋದು ಬಹಳ ಫಾಸ್ಟು, ಒಂದೇ ಒಂದು ಐಟಂ ಬದಲಿಸಿದರೂ ಇಡೀ ಅರೇ ಕಾಪಿ.

ಮ್ಯಾಪ್ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲ್ಲ. ಹ್ಯಾಸ್ಕೆಲ್‌ನಲ್ಲಿ ಬರೆಯುವವರು ಸುಮ್ನೆ ಕಂಟೇನರ್ಸ್ ಪ್ಯಾಕೇಜಿನ ಮ್ಯಾಪ್‌ನಿಂದ ಶುರು ಮಾಡಲಿ. ಕೀಗಳು ಕ್ರಮದಲ್ಲಿ ಸಿಗುತ್ತವೆ, ಅತಿ ಚಿಕ್ಕದು ಯಾವುದು, ಈ ಎರಡರ ನಡುವೆ ಏನಿದೆ ಅಂತ ಕೇಳಬಹುದು. ಕೀ ಬರೀ ಇಂಟ್, ಅಂದರೆ ಪೂರ್ಣಾಂಕ, ಆದರೆ ಇಂಟ್‌ಮ್ಯಾಪ್. ಉದ್ದುದ್ದ ಸ್ಟ್ರಿಂಗ್ ಕೀ ಇದ್ದು, ಕ್ರಮ ಬೇಕಿಲ್ಲದಿದ್ದು, ಅಲ್ಲೇ ಟೈಮ್ ಹೋಗ್ತಿದೆ ಅಂತ ಅಳೆದು ಗೊತ್ತಾದ ಮೇಲೆ ಹ್ಯಾಶ್‌ಮ್ಯಾಪ್‌ಗೆ ಹೋಗಿ. ಹೊರಗಿನವರು ಕಳಿಸಿದ ಕೀಗಳಾದರೆ ಇನ್ನೊಂದು ತಲೆನೋವು: ಒಂದೇ ಹ್ಯಾಶ್ ಬರುವ ಕೀಗಳನ್ನು ಬೇಕಂತಲೇ ಕಳಿಸಿ ಪ್ರೋಗ್ರಾಮನ್ನು ಒದ್ದಾಡಿಸಬಹುದು. ಕ್ರಮದ ಮ್ಯಾಪ್‌ಗೆ ಆ ಭಯ ಇಲ್ಲ. ಹಾಗೇ, ಎಣಿಕೆ ಇಡುವ ಕೆಲಸಕ್ಕೆ, ಲೆಕ್ಕವನ್ನು ಆಗಲೇ ಮಾಡಿ ಮುಗಿಸುವ ಸ್ಟ್ರಿಕ್ಟ್ ಮ್ಯಾಪ್ ತಗೊಳ್ಳಿ. ಬೇಕಾದಾಗ ಮಾಡೋಣ ಅಂತ ಮುಂದೂಡುವ ಲೇಜ಼ಿ ಮ್ಯಾಪ್‌ನಲ್ಲಿ ಮಾಡದೇ ಉಳಿದ ಕೂಡಿಕೆಗಳೇ ರಾಶಿ ಬಿದ್ದು ಮೆಮೊರಿ ತಿಂದು ಹಾಕುತ್ತವೆ.

ವೇಗಕ್ಕಿಂತ ನಾನು ಜಾಸ್ತಿ ನೋಡೋದು, ಈ ಲೈಬ್ರರಿ ನನ್ನ ಕೋಡಿನಲ್ಲಿ ಎಷ್ಟು ದೂರ ಹಬ್ಬುತ್ತೆ ಅಂತ. ಜಾವಾಸ್ಕ್ರಿಪ್ಟ್‌ನ ಇಮ್ಯೂಟಬಲ್ ಜೆಎಸ್ ಒಳ್ಳೆಯ ಲೈಬ್ರರಿ, ಆದರೆ ಅದರ ಮ್ಯಾಪು ಲಿಸ್ಟು ಎಲ್ಲ ಅದರದೇ ಟೈಪು. ಒಮ್ಮೆ ಒಳಗೆ ಬಂತೆಂದರೆ ಪ್ರತಿ ಫಂಕ್ಷನ್ನಿಗೂ ಅದರ ಪರಿಚಯ ಇರಲೇಬೇಕು. ಬೇರೆ ಲೈಬ್ರರಿಗೆ ಡೇಟಾ ಕೊಡುವಾಗೆಲ್ಲ ಮಾಮೂಲಿ ಆಬ್ಜೆಕ್ಟ್ ಮಾಡಿ ಕೊಡ್ತಾ ಹೋದರೆ ಉಳಿಸಿದ ಟೈಮ್ ಅಲ್ಲೇ ಖರ್ಚು. ಅಲ್ಲಿನ ಇನ್ನೊಂದು ಲೈಬ್ರರಿ ಇಮರ್ ಆ ತಂಟೆ ಇಡಲ್ಲ, ಮಾಮೂಲಿ ಆಬ್ಜೆಕ್ಟೇ. ಆದರೆ ಅದರಲ್ಲಿ ಒಳಗೆ ಮರ ಇಲ್ಲ, ಲಕ್ಷ ಐಟಂ ಇರುವ ಅರೇಯಲ್ಲಿ ಒಂದು ಬದಲಿಸಿದರೂ ಆ ಅರೇ ಪೂರ್ತಿ ಕಾಪಿ ಆಗುತ್ತೆ. ಬಹುತೇಕ ಆಪ್‌ಗಳಲ್ಲಿ ಅಷ್ಟು ದೊಡ್ಡ ಅರೇ ಇರೋದೇ ಇಲ್ಲ ಬಿಡಿ, ಅದಕ್ಕೇ ನಾನು ಇಮರ್ ಕಡೆ.

ಓಕ್ಯಾಮಲ್ ಅನ್ನೋ ಫಂಕ್ಷನಲ್ ಭಾಷೆಯಲ್ಲೂ ಇದೇ ಕಥೆ. ಜೇನ್ ಸ್ಟ್ರೀಟ್ ಕಂಪನಿಯವರ ಬೇಸ್ ಲೈಬ್ರರಿ ಅಚ್ಚುಕಟ್ಟಾಗಿದೆ, ಆದರೆ ಫೈಲಿನಲ್ಲಿ ಅದನ್ನು ಓಪನ್ ಮಾಡಿದ ಕೂಡಲೇ ಸಮ ಚಿಹ್ನೆ ಕೂಡ ಇಂಟ್‌ಗೆ ಮಾತ್ರ ಅಂತ ಆಗಿಬಿಡುತ್ತೆ. ಹೊಸ ಪ್ರಾಜೆಕ್ಟ್ ಆದರೆ ಅದು ಒಳ್ಳೆಯದೇ ಅನ್ನುತ್ತೇನೆ. ಹಳೆಯ ಕೋಡಿಗೆ ಒಂದು ಮ್ಯಾಪ್‌ಗೋಸ್ಕರ ಅದನ್ನು ತರೋದಾದರೆ, ಸಮ ಚಿಹ್ನೆಯನ್ನು ಬೇರೆ ಟೈಪಿಗೆ ಬಳಸಿದ ಫೈಲುಗಳನ್ನೆಲ್ಲ ಯಾರು ತಿದ್ದುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ.