ಸಿಲ್ಕ್ ಬೋರ್ಡಿನ ತುದಿ 8,848 ಮೀಟರ್

ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದಾರೆ: 'ಎವರೆಸ್ಟ್ ವಿಜೇತರಿಗೆ ಹಾರ್ದಿಕ ಸ್ವಾಗತ'. ವಿಜೇತರು ನಾಲ್ಕನೇ ಮಹಡಿಯವರು. ಹೋದ ವರ್ಷ ಲಿಫ್ಟ್ ಕೆಟ್ಟಾಗ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮಹಾನುಭಾವರು ಇವರೇ.

2019ರ ಮೇ ತಿಂಗಳ ಆ ಚಿತ್ರ ನೆನಪಿದೆಯಲ್ಲ, ತುದಿಯವರೆಗೂ ಬಣ್ಣಬಣ್ಣದ ಜಾಕೆಟ್ಟುಗಳ ಸಾಲು? ಜಗತ್ತು ಬೆಚ್ಚಿಬಿತ್ತು, ನನಗೆ ಮಾತ್ರ ತವರು ಕಂಡಂತಾಯಿತು. ಸಿಲ್ಕ್ ಬೋರ್ಡಿನಲ್ಲಿ ಹೊಗೆಯಾದರೂ ಉಸಿರಾಡಲು ಸಿಗುತ್ತದೆ. ಅಲ್ಲಿ ಸಮುದ್ರಮಟ್ಟದ ಮೂರನೇ ಒಂದು ಪಾಲು ಆಮ್ಲಜನಕ. ಬೆನ್ನಿನ ಸಿಲಿಂಡರ್ ಬರಿದಾಗುತ್ತಿದ್ದರೂ ಮುಂದಿನವರ ಸೆಲ್ಫಿ ಮುಗಿಯುವುದಿಲ್ಲ. ಕೆಳಗೆ ಖುಂಬು ಹಿಮನದಿಯ ಕಡಿದಾದ ಭಾಗ ದಿನಕ್ಕೆ ಸುಮಾರು ಒಂದು ಮೀಟರ್ ಜರುಗುತ್ತದಂತೆ. ಹೊರವರ್ತುಲ ರಸ್ತೆಯವರು ಹೊಟ್ಟೆಕಿಚ್ಚು ಪಡಬಾರದು.

ಪರವಾನಗಿಗೆ 11,000 ಡಾಲರ್ ಇದ್ದದ್ದು 2025ರ ಸೆಪ್ಟೆಂಬರಿನಿಂದ 15,000 ಆಗಿದೆ. ಅಷ್ಟಾದರೂ ಪುರುಸೊತ್ತಿಲ್ಲದವರಿಗೆ ಬೇರೆ ದಾರಿಯಿದೆ. ಅದೇ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನ ನಾಲ್ವರು, ತೆಳುಗಾಳಿಗೆ ಮೈ ಬೇಗ ಒಗ್ಗಲೆಂದು ಕ್ಸೆನಾನ್ ಅನಿಲ ಸೇವಿಸಿ, ಲಂಡನ್ ಬಿಟ್ಟ ವಾರದೊಳಗೆ ತುದಿ ಮುಟ್ಟಿಬಿಟ್ಟರು. ಕ್ಸೆನಾನ್ ಎಂದರೆ ಅರಿವಳಿಕೆಗೂ ಬಳಸುವ ಅನಿಲ. ಬಿ ಖಾತಾವನ್ನು ಎ ಖಾತಾ ಮಾಡಿಸಲು ಹೊರಟವರಿಗೆ ಕಚೇರಿಯ ಬಾಗಿಲಲ್ಲೇ ಇದನ್ನು ಕೊಡುವಂತಾದರೆ ಎಷ್ಟು ಪುಣ್ಯ! ಕೆಲಸ ಆಗದಿದ್ದರೂ ನೋವಾದರೂ ಗೊತ್ತಾಗುತ್ತಿರಲಿಲ್ಲ.

ಇರಲಿ, ಸನ್ಮಾನಕ್ಕೆ ಬರೋಣ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಪರದೆಯ ಮೇಲೆ ಚಿತ್ರ ಬಂತು: ವಿಜೇತರು ಬಾವುಟ ಹಿಡಿದು ನಿಂತಿದ್ದಾರೆ. ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಕೆಂಪು ಕೈಗವಸೊಂದು ಅವರ ಸೊಂಟದ ಹಗ್ಗವನ್ನು ಬಿಗಿಯಾಗಿ ಹಿಡಿದಿದೆ.

"ಅದು ಯಾರ ಕೈ ಸಾರ್?" ಎಂದೆ.

"ಓ, ಅದು ನಮ್ಮ ಶೆರ್ಪಾ."

"ಹೆಸರು?"

"ಪಸಾಂಗೋ, ಪೆಂಬಾನೋ..."

ಶೆರ್ಪಾಗಳಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುವ ರೂಢಿಯಿದೆ. ಶುಕ್ರವಾರದವನು ಪಸಾಂಗ್, ಶನಿವಾರದವನು ಪೆಂಬಾ. ನಮ್ಮವರಿಗೆ ನೆನಪಿದ್ದದ್ದು ವೀಕೆಂಡ್ ಮಾತ್ರ.

ಹಿಮದ ಬಿರುಕಿಗೆ ಏಣಿ ಕಟ್ಟಿದವರು, ತುದಿಯವರೆಗೆ ಹಗ್ಗ ಬಿಗಿದವರು, ಸಿಲಿಂಡರ್ ಹೊತ್ತವರು, ಡೇರೆಯಲ್ಲಿ ಹಿಮ ಕರಗಿಸಿ ಚಹಾ ಕಾಸಿದವರು ಯಾರೂ ಫ್ಲೆಕ್ಸಿನಲ್ಲಿಲ್ಲ. 2014ರ ಏಪ್ರಿಲ್ 18ರ ಬೆಳಗ್ಗೆ ಅದೇ ಖುಂಬುವಿನಲ್ಲಿ ಹಿಮ ಕುಸಿದು 16 ಮಂದಿ ಸತ್ತರು. ಎಲ್ಲರೂ ನೇಪಾಳದ ಕೆಲಸಗಾರರು. ಅಂತ್ಯಕ್ರಿಯೆಗೆಂದು ಅಲ್ಲಿನ ಸರ್ಕಾರ ಮೊದಲು ಕೊಡಹೊರಟದ್ದು ತಲಾ 40,000 ನೇಪಾಳಿ ರೂಪಾಯಿ, ಸುಮಾರು 400 ಡಾಲರ್. ಇದಕ್ಕೆ ತಮಾಷೆ ಹೊಳೆಯುತ್ತಿಲ್ಲ, ಕ್ಷಮಿಸಿ. ಹತ್ತುವವರು ಹತ್ತಲಿ, ಅವರ ದುಡ್ಡು. ಆದರೆ ತಮ್ಮ ಪ್ರಾಣವನ್ನು ಯಾರ ಕೈಗೆ ಕೊಟ್ಟರೋ ಅವನ ಹೆಸರನ್ನಾದರೂ ಕೇಳಿ ತಿಳಿದುಕೊಳ್ಳುವುದಕ್ಕೆ ಏನು ಧಾಡಿ?

ಸಮಾರಂಭ ಮುಗಿಯುವ ಹೊತ್ತಿಗೆ ಲಿಫ್ಟ್ ಮತ್ತೆ ಕೆಟ್ಟಿತ್ತು. ಹಣ್ಣಿನ ಬುಟ್ಟಿ, ಫಲಕ, ಹಾರವನ್ನೆಲ್ಲ ಗೇಟಿನ ನೇಪಾಳಿ ಕಾವಲುಗಾರ ಹೊತ್ತುಕೊಂಡ. ಪೇಟ ಧರಿಸಿದ ವಿಜೇತರು ಕೈಬೀಸಿಕೊಂಡು ಅವನ ಹಿಂದೆ ಮೆಟ್ಟಿಲು ಹತ್ತಿದರು, ಎರಡನೇ ಮಹಡಿಯಲ್ಲಿ ನಿಂತು ಸುಧಾರಿಸಿಕೊಂಡು.