ಸಾರ್, ನೀವು ಎಲ್ಲಿ ನಿಂತಿದ್ದೀರಿ?

ಸಂಜೆ ಏಳು ಗಂಟೆ. ಹೊಸ ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ನಾನು ನಡುಮನೆಯ ಕಿಟಕಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಲೈಟರ್ ಹಚ್ಚಿ ಹಿಡಿದು, "ಒಂದು, ಎರಡು, ಮೂರು, ನಾಲ್ಕು" ಅಂತ ಎಣಿಸುತ್ತಿದ್ದೆ. ಆಮೇಲೆ ಮತ್ತೆ ಮೊದಲಿಂದ. ರಸ್ತೆಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಂತ ಮನೇನಾ?" ಎಂದು ಕೇಳಿದರು. ಹೌದು ಎಂದೆ. "ಹಾಗಾದ್ರೆ ಸರಿ" ಎಂದು ಹೊರಟುಹೋದರು.

ನಾನು ಎಣಿಸುತ್ತಿದ್ದದ್ದು ಗಾಜಿನಲ್ಲಿ ಕಾಣುವ ಜ್ವಾಲೆಗಳನ್ನು. ಕಿಟಕಿಗೆ ಎರಡು ಗಾಜು. ಎರಡು ಗಾಜಿಗೆ ನಾಲ್ಕು ಮೈ. ಒಂದೊಂದು ಮೈಯಲ್ಲೂ ಜ್ವಾಲೆಯ ಒಂದೊಂದು ಬಿಂಬ. ಅವುಗಳಲ್ಲಿ ಒಂದರ ಬಣ್ಣ ಮಾತ್ರ ಬೇರೆ ಇದ್ದರೆ, ಅಲ್ಲಿ ಲೋ-ಇ ಕೋಟಿಂಗ್ ಇದೆ ಅಂತ ಅರ್ಥ. ಬೆಳ್ಳಿಯ ತೆಳು ಪದರ ಅದು. ಎಷ್ಟು ತೆಳು ಅಂದ್ರೆ, ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಹೆಚ್ಚುಕಮ್ಮಿ ಅದರಲ್ಲೊಂದು ಪಾಲು. ಬೆಳಕನ್ನು ಒಳಗೆ ಬಿಟ್ಟುಕೊಂಡು, ಶಾಖವನ್ನು ಬಂದ ದಾರಿಗೇ ವಾಪಸ್ ಕಳಿಸುವುದು ಅದರ ಕೆಲಸ. ಬಿಸಿಲಿನ ಕಡೆಯ ಮನೆಗೆ ಅದು ಹೊರಗಿನಿಂದ ಎರಡನೇ ಮೈಮೇಲೆ ಇರಬೇಕು. ಚಳಿಯ ಕಡೆಯ ಮನೆಗಾದರೆ ಮೂರನೆಯದರ ಮೇಲೆ. ನಾವು ಮನೆ ಕಟ್ಟುತ್ತಿದ್ದದ್ದು ಬಿಸಿಲಿನ ಕಡೆ. ಬಣ್ಣ ಬೇರೆ ಕಂಡದ್ದು ಮೂರನೆಯ ಜ್ವಾಲೆಯಲ್ಲಿ.

ಒಂಬತ್ತು ಕಿಟಕಿಗೂ ಲೈಟರ್ ಹಿಡಿದೆ. ಒಂಬತ್ತರಲ್ಲೂ ಮೂರನೆಯದೇ. ಅಷ್ಟು ಹೊತ್ತಿಗೆ ಬೆರಳೂ ಬಿಸಿ, ತಲೆಯೂ ಬಿಸಿ. ಕಿಟಕಿ ಕೊಟ್ಟ ಅಂಗಡಿಯ ಹುಡುಗನಿಗೆ ಫೋನ್ ಮಾಡಿ, ಎಲ್ಲಾ ಗಾಜನ್ನೂ ತಿರುಗಾಮುರುಗಾ ಕೂರಿಸಿದ್ದೀರಿ, ನಾಳೆಯೇ ಬಂದು ಕಿತ್ತುಕೊಂಡು ಹೋಗಿ ಎಂದು ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಸಾರ್, ನೀವು ಎಲ್ಲಿ ನಿಂತಿದ್ದೀರಿ?"

"ಮನೆಯಲ್ಲಿ!"

"ಮನೆ ಒಳಗಾ, ಹೊರಗಾ?"

"ಒಳಗೆ. ಯಾಕೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಗು ತಡೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಒಳಗಿನಿಂದ ಮೂರನೆಯದು ಅಂದ್ರೆ ಹೊರಗಿನಿಂದ ಎರಡನೆಯದು. ನಾನು ಇಂಜಿನಿಯರಿಂಗ್ ಓದಿದವನು ಎಂದು ಆ ಹುಡುಗನಿಗೆ ಹೇಳಿರಲಿಲ್ಲ. ಅದೊಂದೇ ಸಮಾಧಾನ.

ಈ ಕಿಟಕಿಯ ಹುಚ್ಚು ನನಗೆ ಹಿಡಿದದ್ದು ಬಾಡಿಗೆ ಮನೆಯಲ್ಲಿ. ಮಲಗುವ ಕೋಣೆಗೆ ಪಶ್ಚಿಮದ ಕಡೆ ದೊಡ್ಡ ಕಿಟಕಿ. ಸೂರ್ಯ ನೆತ್ತಿಯ ಮೇಲಿರುವವರೆಗೂ ಸಜ್ಜಾ ನೆರಳು ಕೊಡುತ್ತಿತ್ತು. ನಾಲ್ಕು ಗಂಟೆ ಆಯಿತೋ, ಅವನು ಕೆಳಗಿಳಿದು, ಸಜ್ಜಾದ ಅಡಿಯಿಂದಲೇ ನುಗ್ಗಿ ಬಂದು, ಕರೆಯದೆ ಬಂದ ನೆಂಟನ ಹಾಗೆ ಮಂಚದ ಮೇಲೆ ಕೂತುಬಿಡುತ್ತಿದ್ದ. ಒಂದರ ಮೇಲೊಂದು ಮೂರು ಪರದೆ ಹಾಕಿದೆವು. ಕೋಣೆ ಕತ್ತಲಾಯಿತು, ಸೆಕೆ ಹಾಗೇ ಉಳಿಯಿತು. ಗಾಜು ಬಿಸಿಲನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಆ ಬಿಸಿಲಿಗೆ ಪರದೆ, ಹಾಸಿಗೆ ಎಲ್ಲ ಕಾದು ಹೊರಗೆ ಹಾಕುವ ಶಾಖವನ್ನು ಮಾತ್ರ ವಾಪಸ್ ಬಿಡುವುದಿಲ್ಲ. ಕಳ್ಳ ಒಳಗೆ ಬಂದ ಮೇಲೆ ಬಾಗಿಲು ಹಾಕಿ ಅವನನ್ನು ನಮ್ಮ ಜೊತೆಗೇ ಕೂಡಿಹಾಕಿಕೊಂಡ ಹಾಗೆ. ಬಿಸಿಲನ್ನು ತಡೆಯುವುದಿದ್ದರೆ ಗಾಜಿನ ಹೊರಗೇ ತಡೆಯಬೇಕು. ಇದು ಗೊತ್ತಾಗುವ ಹೊತ್ತಿಗೆ ಪರದೆ ಹೊಲಿಯುವವನಿಗೆ ನಾವು ಖಾಯಂ ಗಿರಾಕಿಗಳಾಗಿದ್ದೆವು.

ಸ್ವಂತ ಮನೆಗೆ ಪಾಯ ತೆಗೆದ ದಿನವೇ ಒಂದು ನೋಟ್‌ಬುಕ್ ಕೊಂಡೆ. ಮೊದಲ ಪುಟದಲ್ಲಿ ದೊಡ್ಡದಾಗಿ "ಯು-ವ್ಯಾಲ್ಯೂ" ಎಂದು ಬರೆದೆ. ಒಳಗೂ ಹೊರಗೂ ಉಷ್ಣತೆ ಬೇರೆ ಇದ್ದಾಗ ಕಿಟಕಿ ಎಷ್ಟು ಶಾಖವನ್ನು ದಾಟಿಸುತ್ತದೆ ಅನ್ನುವ ಲೆಕ್ಕ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂಟಿ ಗಾಜಿಗೆ 6ರ ಹತ್ತಿರ, ಸಾದಾ ಜೋಡಿ ಗಾಜಿಗೆ 3ರ ಹತ್ತಿರ, ಲೋ-ಇ ಕೋಟಿಂಗೂ ಗಾಜುಗಳ ನಡುವೆ ತುಂಬುವ ಆರ್ಗಾನ್ ಅನಿಲವೂ ಸೇರಿದರೆ 1ರ ಹತ್ತಿರಕ್ಕೆ ಇಳಿಯುತ್ತದೆ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಚಳಿದೇಶದವರಿಗಾಗಿ ಮಾಡಿದ ಮೂರು ಗಾಜಿನ ಕಿಟಕಿಯ ಕ್ಯಾಟಲಾಗ್ ಸಿಕ್ಕಿತು. ಅದರಲ್ಲಿ 0.7! ಲಾಟರಿ ಹೊಡೆದವನ ಹಾಗೆ ಹೆಂಡತಿಗೆ ತೋರಿಸಿದೆ.

ಅವಳು ಪುಟ ತಿರುವಿ, ಪಕ್ಕದ ಅಂಕಣಕ್ಕೆ ಬೆರಳಿಟ್ಟಳು. "ಇದೇನು, ಎಸ್‌ಎಚ್‌ಜಿಸಿ?"

ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಅನ್ನುವ ಲೆಕ್ಕ ಎಂದೆ. ಸೊನ್ನೆಯಿಂದ ಒಂದರವರೆಗೆ. ಅಲ್ಲಿ 0.5 ಇತ್ತು.

"ಅಂದ್ರೆ ಅರ್ಧ ಬಿಸಿಲು ಒಳಗೆ ಬರುತ್ತೆ. ಬಂದ ಶಾಖ ಹೊರಗೆ ಹೋಗಲ್ಲ. ಇದು ಕಿಟಕಿಯೋ ಇಲಿಬೋನೋ?"

ಚಳಿ ಇರುವ ಕಡೆ ಅದೇ ಬೇಕು. ಬಿಸಿಲು ಅಲ್ಲಿ ಪುಕ್ಕಟೆ ಹೀಟರ್. ನಮಗೆ ಬೇಕಿದ್ದದ್ದು ಅದರ ತದ್ವಿರುದ್ಧ, 0.3ರ ಆಸುಪಾಸಿನದು. ತಿಂಗಳುಗಟ್ಟಲೆ ಓದಿದ ನನಗೆ ಇದು ಹೊಳೆದಿರಲಿಲ್ಲ. ಅವಳು ಓದಿದ್ದು ಅರ್ಧ ನಿಮಿಷ. ಮೂರು ಗಾಜಿನ ಆಸೆಯ ಮೇಲೆ ಕೊನೆಯ ಕಲ್ಲು ಹಾಕಿದವನು ಮೇಸ್ತ್ರಿ. ಒಂದು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಎರಡೂವರೆ ಕೆಜಿ ತೂಗುತ್ತದೆ. ಮೂರು ಗಾಜು ಸೇರಿದರೆ ನಡುಮನೆಯ ಕಿಟಕಿಗೆ ಬರೀ ಗಾಜೇ 50 ಕೆಜಿ ದಾಟುತ್ತಿತ್ತು. "ಹಾಕ್ತೀನಿ ಸಾರ್, ಅದಕ್ಕೇನಂತೆ. ತೆಗೆಯೋಕೆ ಹಾಕೋಕೆ ದಿನಾ ನನ್ನ ಕರೀಬೇಡಿ" ಎಂದ.

ಕೊನೆಗೆ ಜೋಡಿ ಗಾಜು ಅಂತ ಆಯಿತು. ನಡುವೆ 16 ಮಿಲಿಮೀಟರ್ ಸಂದು. ಸಂದು ಇನ್ನೂ ಅಗಲ ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ಎಲ್ಲರೂ ಕೇಳುತ್ತಾರೆ, ನಾನೂ ಕೇಳಿದ್ದೆ. ಅಲ್ಲವಂತೆ. ಅಗಲ ಜಾಸ್ತಿಯಾದರೆ ಒಳಗಿನ ಅನಿಲ ಸುಮ್ನೆ ಕೂರುವುದಿಲ್ಲ. ಬಿಸಿ ಗಾಜಿನ ಪಕ್ಕ ಮೇಲೇರಿ, ತಣ್ಣನೆಯ ಗಾಜಿನ ಪಕ್ಕ ಕೆಳಗಿಳಿದು, ಶಾಖವನ್ನು ಹೊತ್ತು ತಿರುಗುತ್ತದೆ. ಆ ಸಂದಿಗೆ ಆರ್ಗಾನ್ ತುಂಬುತ್ತಾರೆ. ಅದು ಗಾಳಿಗಿಂತ ನಿಧಾನವಾಗಿ ಶಾಖ ದಾಟಿಸುತ್ತದೆ. ಅಪ್ಪನಿಗೆ ಈ ವಿಷಯ ಹೇಳಿದ್ದೇ ತಪ್ಪಾಯಿತು.

"ಅದರ ಬಣ್ಣ ಹೇಗಿರುತ್ತೆ?"

"ಬಣ್ಣ ಇಲ್ಲ ಅಪ್ಪಾ."

"ವಾಸನೆ?"

"ಅದೂ ಇಲ್ಲ."

"ಎಲ್ಲಿಂದ ತರ್ತಾರೆ?"

"ಗಾಳಿಯಿಂದಲೇ ಬೇರೆ ಮಾಡ್ತಾರೆ. ಗಾಳೀಲಿ ನೂರಕ್ಕೆ ಒಂದು ಪಾಲಿನಷ್ಟು ಅದೇ ಇರುತ್ತೆ."

ಅಪ್ಪ ಕನ್ನಡಕ ತೆಗೆದು ಒರೆಸಿದರು. "ಅಂದ್ರೆ ಕಾಣದ, ಮೂಸೋಕೂ ಆಗದ ಒಂದು ವಸ್ತುವನ್ನು ತುಂಬಿದ್ದೀವಿ ಅಂದರು. ನೀನು ದುಡ್ಡು ಕೊಟ್ಟೆ." ಇವತ್ತಿಗೂ ಅವರು ಮನೆಗೆ ಬಂದರೆ ಕಿಟಕಿಯನ್ನು ಬೆರಳಿನಿಂದ ಟಕಟಕ ಬಡಿದು, ಕಿವಿಗೊಟ್ಟು ಕೇಳಿ, ತಲೆ ಅಲ್ಲಾಡಿಸುತ್ತಾರೆ.

ನಾನು ಫ್ಲಾಸ್ಕಿನ ಉದಾಹರಣೆ ಕೊಟ್ಟು ನೋಡಿದೆ. ದ್ರವವಾಗಿಸಿದ ಅನಿಲಗಳನ್ನು ಇಡಲು ಜೇಮ್ಸ್ ಡ್ಯೂವರ್ 1892ರಲ್ಲಿ ಮಾಡಿದ ಪಾತ್ರೆಯೇ ಇವತ್ತಿನ ಫ್ಲಾಸ್ಕ್. ಅಲ್ಲೂ ಎರಡು ಗಾಜಿನ ಗೋಡೆ, ಅಲ್ಲೂ ಬೆಳ್ಳಿಯ ಲೇಪ. ನಡುವೆ ಮಾತ್ರ ಏನೂ ಇಲ್ಲ, ನಿರ್ವಾತ. ಅಪ್ಪ ಕೂಡಲೇ, "ನೋಡು, ಅವನು ಏನೂ ತುಂಬಿಸಲಿಲ್ಲ" ಎಂದರು.

ಚೌಕಟ್ಟಿನ ವಿಷಯ ಜಾಸ್ತಿ ಹೇಳುವುದಿಲ್ಲ. ಅಲ್ಯೂಮಿನಿಯಂ, ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿಗಿಂತ ಸುಮಾರು ಸಾವಿರ ಪಟ್ಟು ಸಲೀಸಾಗಿ ಶಾಖ ದಾಟಿಸುತ್ತದೆ. ಒಳಗೂ ಹೊರಗೂ ನಡುವೆ ಪ್ಲಾಸ್ಟಿಕ್ ತಡೆ ಇರುವ ಅಲ್ಯೂಮಿನಿಯಂ ಸಿಗುತ್ತದೆ, ನಮ್ಮ ಬಜೆಟ್‌ಗೆ ಸಿಗಲಿಲ್ಲ. ಯುಪಿವಿಸಿ ಹಾಕಿಸಿದೆವು.

ಕಿಟಕಿಯಲ್ಲೇ ಮುಳುಗಿದ್ದ ನನ್ನನ್ನು ಮೇಸ್ತ್ರಿ ಒಂದು ದಿನ ಕರೆದು, ಬೆರಳನ್ನು ಮೇಲಕ್ಕೆ ತೋರಿಸಿದ. "ಕಿಟಕಿ ಆಯ್ತು ಸಾರ್. ಅಲ್ಲಿ?" ಅಲ್ಲಿ ಛಾವಣಿ ಇತ್ತು. ಬೆಳಗಿನಿಂದ ಸಂಜೆವರೆಗೂ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿರುವ ಆ ಛಾವಣಿಗೆ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಇರಲಿಲ್ಲ. ಅವಸರದಲ್ಲಿ ಗ್ಲಾಸ್ ವೂಲ್ ತರಿಸಿದೆ. ಫಾಲ್ಸ್ ಸೀಲಿಂಗ್ ಮೇಲೆ ಇದ್ದ ಜಾಗ 50 ಮಿಲಿಮೀಟರ್. ನಾನು ತರಿಸಿದ್ದು 100 ಮಿಲಿಮೀಟರಿನ ಸುರುಳಿ. ದಪ್ಪ ಇದ್ದಷ್ಟೂ ತಂಪು ಅಂತ ಮೊಣಕೈಯಿಂದ ಒತ್ತಿ ಒತ್ತಿ ತುರುಕಿದೆ. ಅರ್ಧ ಮನೆ ಮುಗಿಸಿದ ಮೇಲೆ ಚೀಟಿ ಓದಿದರೆ, ಒತ್ತಬೇಡಿ ಎಂದಿತ್ತು. ಶಾಖ ತಡೆಯುವುದು ಆ ಎಳೆಗಳಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡು ಅಲ್ಲಾಡದೆ ಕೂತ ಗಾಳಿ. ಆ ಗಾಳಿಯನ್ನೇ ನಾನು ಹಿಂಡಿ ಹೊರಗೆ ಹಾಕಿದ್ದೆ. ದುಡ್ಡು ಕೊಟ್ಟು ತಂದ ದಪ್ಪದಲ್ಲಿ ಅರ್ಧ ದಂಡ.

ಇದೆಲ್ಲವನ್ನೂ ಅರ್ಧ ತೋಳಿನ ಅಂಗಿಯಲ್ಲಿ ಮಾಡಿದ್ದೆ ಅನ್ನುವುದು ಮರುದಿನ ನೆನಪಾಯಿತು. ಗ್ಲಾಸ್ ವೂಲ್ ಅಂದ್ರೆ ಹೆಸರೇ ಹೇಳುವ ಹಾಗೆ ಗಾಜಿನ ಎಳೆ. ಕುತ್ತಿಗೆ, ಕೈ, ಸೊಂಟ, ಎಲ್ಲಿ ಅಂತ ಕೇಳಬೇಡಿ. ಅವತ್ತೇ ಸಾಲದ ಕಂತಿನ ಕಾಗದಕ್ಕೆ ಸಹಿ ಹಾಕಲು ಬ್ಯಾಂಕಿಗೆ ಹೋಗಬೇಕಿತ್ತು. ನಾನು ಒಂದು ಕಡೆ ಸಹಿ ಹಾಕುವುದು, ಎರಡು ಕಡೆ ಕೆರೆದುಕೊಳ್ಳುವುದು. ಅಧಿಕಾರಿ ತಮ್ಮ ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ, ಕೊನೆಗೆ ಗೋಡೆಗೆ ತಾಗಿದರು. ಸಾಲ ಮಾತ್ರ ಅಷ್ಟು ಬೇಗ ಯಾರಿಗೂ ಮಂಜೂರಾಗಿರಲಿಕ್ಕಿಲ್ಲ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಓದುವ ಕೋಣೆಯ ಕಿಟಕಿಯ ಸುತ್ತ, ಚೌಕಟ್ಟಿಗೂ ಗೋಡೆಗೂ ನಡುವೆ ಸಂದು ಉಳಿದಿತ್ತು. ಎಂಥಾ ಗಾಜು ಹಾಕಿದರೂ ಅಲ್ಲಿಂದ ಗಾಳಿ ನುಗ್ಗಿದರೆ ಪ್ರಯೋಜನವಿಲ್ಲ. ಕೂರಿಸುವವರು ಎರಡು ದಿನ ಬಿಟ್ಟು ಬರುತ್ತೇವೆ ಎಂದಿದ್ದರು. ಎರಡು ದಿನ ಯಾಕೆ ಕಾಯಬೇಕು ಅಂತ ನಾನೇ ಫೋಮ್ ಡಬ್ಬಿ ತಂದೆ. ಅದು ಉಬ್ಬುವ ಫೋಮ್. ಸಂದಿಯ ಅರ್ಧದಷ್ಟು ಹಾಕಿ ಸುಮ್ಮನಿರಬೇಕು. ಹಾಕಿದ ಕೂಡಲೇ ನೋಡಿದರೆ ಕಡಿಮೆ ಅನ್ನಿಸಿತು. ಇನ್ನಷ್ಟು ಹಾಕಿದೆ. ಆಗಲೂ ಕಡಿಮೆ. ಡಬ್ಬಿ ಖಾಲಿಯಾಗುವವರೆಗೂ ಹಾಕಿದೆ. ಐದು ನಿಮಿಷಕ್ಕೆ ಅದು ಉಸಿರೆಳೆದುಕೊಂಡು ಎದ್ದು, ಚೌಕಟ್ಟಿನಿಂದ ಹೊರಗೆ ಬಂದು, ನನ್ನ ಕಡೆ ನಡೆಯತೊಡಗಿತು. ಕೈಯಿಂದ ಒತ್ತಿ ಹಿಂದಕ್ಕೆ ತಳ್ಳಿದೆ. ಅದು ಕೈಗೆ ಅಂಟಿತು. ಇನ್ನೊಂದು ಕೈಯಿಂದ ಬಿಡಿಸಿಕೊಳ್ಳಲು ನೋಡಿದೆ. ಮುಂದಿನದನ್ನು ನೀವೇ ಊಹಿಸಿ. ನಡುವೆ ಒಮ್ಮೆ ತಲೆ ಕೆರೆದುಕೊಂಡಿದ್ದೆ ಅನ್ನುವುದೊಂದನ್ನು ಸೇರಿಸಿಕೊಳ್ಳಿ.

ಓಡಿಹೋಗಿ ನಲ್ಲಿಯ ಕೆಳಗೆ ಕೈಯೊಡ್ಡಿದೆ. ಆ ಫೋಮ್ ಗಟ್ಟಿಯಾಗುವುದೇ ತೇವದಿಂದ ಅಂತ ಆಮೇಲೆ ಗೊತ್ತಾಯಿತು. ಎರಡು ವಾರ ನನ್ನ ಕೈ ಹಳದಿ ತೊಗಟೆ ಬಂದ ಮರದ ಕೊಂಬೆಯ ಹಾಗಿತ್ತು. ತಲೆಯದನ್ನು ಕ್ಷೌರಿಕ ಕತ್ತರಿಸಿ ತೆಗೆದ, ಏನು ಎತ್ತ ಅಂತ ಕೇಳದೆ. ಕಿಟಕಿಯ ಕಥೆ ಬೇರೆ. ಫೋಮ್ ರಾತ್ರಿಯಿಡೀ ಉಬ್ಬಿ, ಎರಡೂ ಕಡೆಯಿಂದ ಚೌಕಟ್ಟನ್ನು ಒಳಕ್ಕೆ ಒತ್ತಿ ಬಿಲ್ಲಿನ ಹಾಗೆ ಬಗ್ಗಿಸಿಬಿಟ್ಟಿತ್ತು. ಕಿಟಕಿ ತೆಗೆಯಲು ಬರುತ್ತಿರಲಿಲ್ಲ. ಮೇಸ್ತ್ರಿ ಬಂದು ನೋಡಿ, ಎಳೆದು ನೋಡಿ, "ಗಾಳಿ ಬರಲ್ಲ ಸಾರ್, ಗ್ಯಾರಂಟಿ" ಎಂದ.

ಮನೆಗೆ ಬಂದು ಸೇರಿದೆವು. ಮನೆ ನಿಜವಾಗಿಯೂ ತಂಪಾಗಿತ್ತು, ಅದನ್ನು ಹೇಳಲೇಬೇಕು. ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಗಳೆಲ್ಲ ಮಂಜು ಮಂಜು. ಗಾಜುಗಳ ನಡುವಿನ ಸೀಲ್ ಒಡೆದರೆ ಒಳಗೆ ತೇವ ಸೇರಿ ಹಾಗೆ ಮಸುಕಾಗುತ್ತದೆ, ಅಪ್ಪ ನಂಬದ ಆರ್ಗಾನೂ ಹೊರಟುಹೋಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿತ್ತು. ಹುಡುಗನಿಗೆ ಫೋನ್ ಮಾಡಿದೆ.

"ಸಾರ್, ನೀವು ಎಲ್ಲಿ ನಿಂತಿದ್ದೀರಿ?"

"ಈ ಸಲ ಹೊರಗೇ ನಿಂತಿದ್ದೇನೆ, ಅಂಗಳದಲ್ಲಿ!" ಎಂದೆ, ಜಂಬದಿಂದ.

"ಹಾಗಾದ್ರೆ ಬೆರಳಲ್ಲಿ ಒರೆಸಿ ನೋಡಿ."

ಒರೆಸಿದೆ. ಹೋಯಿತು. ಅದು ಗಾಜಿನ ಹೊರಮೈ ಮೇಲೆ ಬಿದ್ದ ಇಬ್ಬನಿ. ಮನೆಯೊಳಗಿನ ಶಾಖ ಹೊರಗಿನ ಗಾಜನ್ನು ತಲುಪದೇ ಇರುವುದರಿಂದ, ತಿಳಿ ಆಕಾಶದ ರಾತ್ರಿಯಲ್ಲಿ ಅದು ಹೊರಗಿನ ಗಾಳಿಗಿಂತಲೂ ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ. ಕಿಟಕಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಹುಡುಗ ಇದನ್ನು ಬಹಳ ಮರ್ಯಾದೆಯಿಂದ ವಿವರಿಸಿದ. ಆ ಮರ್ಯಾದೆಯೇ ಜಾಸ್ತಿ ಚುಚ್ಚಿತು.

ಮನೆ ತಂಪಾದದ್ದಷ್ಟೇ ಅಲ್ಲ, ಸದ್ದೂ ನಿಂತಿತ್ತು. ರಸ್ತೆಯ ಹಾರ್ನ್ ಇಲ್ಲ, ನಾಯಿ ಬೊಗಳುವುದಿಲ್ಲ. ಸುಖವಾಗಿ ಮಧ್ಯಾಹ್ನ ಮಲಗಿ ಎದ್ದು ಬಾಗಿಲು ತೆಗೆದರೆ, ಒಂದು ಗಂಟೆ ಹೊತ್ತು ಮಳೆ ಸುರಿದು ನಿಂತಿದೆ, ಒಣಗಲು ಹಾಕಿದ್ದ ಬಟ್ಟೆಯೆಲ್ಲ ಮತ್ತೊಮ್ಮೆ ಒಗೆದಾಗಿದೆ. ಹೀಗೆ ಮೂರು ಸಲ ಆಯಿತು. ಈಗ ಮೋಡ ಕಂಡರೆ ಹೆಂಡತಿ ಒಂದು ಕಿಟಕಿ ತೆಗೆದೇ ಮಲಗುತ್ತಾಳೆ.

ಮೊನ್ನೆ ಉರಿ ಮಧ್ಯಾಹ್ನ ಹುಡುಗನೇ ಫೋನ್ ಮಾಡಿದ. ವರ್ಷ ಆಯಿತಲ್ಲ, ಕಿಟಕಿ ಹೇಗಿದೆ ಅಂತ ವಿಚಾರಿಸಲು. ನಾನು ನಡುಮನೆಯಲ್ಲಿ ನಿಂತು, ಹಳೆಯದನ್ನೆಲ್ಲ ಮರೆಯುವ ಹಾಗೆ ಧಾರಾಳವಾಗಿ ಹೊಗಳಿದೆ.

"ಸಾರ್? ಸಾರ್, ನೀವು ಎಲ್ಲಿ ನಿಂತಿದ್ದೀರಿ? ಏನೂ ಕೇಳಿಸ್ತಾ ಇಲ್ಲ."

ಆ ಬೆಳ್ಳಿಯ ಪದರ ಲೋಹ ತಾನೇ. ಶಾಖದ ಜೊತೆ ಮೊಬೈಲ್ ಸಿಗ್ನಲ್ಲಿಗೂ ಅಡ್ಡ ನಿಲ್ಲುತ್ತದೆ. ನಾನು ಕಿಟಕಿ ಪೂರ್ತಿ ತೆಗೆದು, ತಲೆಯನ್ನೂ ಅರ್ಧ ಎದೆಯನ್ನೂ ಬಿಸಿಲಿಗೆ ಚಾಚಿದೆ. ಬಿಸಿಗಾಳಿ ನನ್ನ ಕಿವಿಯ ಪಕ್ಕದಿಂದ ಒಳಗೆ ನುಗ್ಗುತ್ತಿತ್ತು. ಹಣೆಯ ಬೆವರು ಒರೆಸಿಕೊಳ್ಳುತ್ತಾ ಗಂಟಲು ಹರಿಯುವ ಹಾಗೆ ಕೂಗಿದೆ: "ಮನೆ ತುಂಬಾ ತಂಪಾಗಿದೆ ಅಂದೆ!"

ರಸ್ತೆಯಲ್ಲಿ ಹೋಗುತ್ತಿದ್ದ ಆ ಹಿರಿಯರು ನಿಂತು ನನ್ನನ್ನೇ ನೋಡಿದರು.

"ಸ್ವಂತ ಮನೆ" ಎಂದೆ, ಅವರು ಕೇಳುವ ಮೊದಲೇ.