ಶಿಕ್ಷಣ ಸಂಶೋಧಕರು ಶಾಲೆಗಳಿರುವ ಊರಲ್ಲೇ ಇರಲಿ

ಶಿಕ್ಷಣ ಸಂಶೋಧನೆ ಅಂದರೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಅಂತ ಬಹಳ ಜನ ಇನ್ನೂ ನಂಬಿದ್ದಾರೆ. ನಾನು ಉಡುಪಿಯ ಮನೆಯಿಂದಲೇ ಬೆಂಗಳೂರಿನ ಒಂದು ಸಂಸ್ಥೆಗಾಗಿ ಈ ಕೆಲಸ ಮಾಡುತ್ತೇನೆ. "ಮನೆಯಲ್ಲಿ ಕೂತರೆ ಶಾಲೆ ಬಗ್ಗೆ ಎಂತ ಗೊತ್ತಾಗ್ತದೆ?" ಅಂತ ನೆಂಟರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಅದೇ ಪ್ರಶ್ನೆಯನ್ನು ದೂರದ ಊರಿನ ಆಫೀಸಿನಲ್ಲಿ ಕೂತವರಿಗೂ ಕೇಳಬೇಕು ಅಲ್ವಾ? ನನ್ನ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಸಿಗುತ್ತದೆ. ಅಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರು ನಾನು ಮೀನು ತಗೊಳ್ಳುವ ಜಾಗದಲ್ಲಿ, ಬಸ್ ಸ್ಟಾಪಿನಲ್ಲಿ, ದಿನಸಿ ಅಂಗಡಿಯಲ್ಲಿ ಸಿಗುತ್ತಾರೆ. ಇದು ಸಣ್ಣ ಲಾಭ ಅಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಕರಾವಳಿಯ ಕೆಲವು ಶಾಲೆಗಳ ಹಾಜರಾತಿ ಪಟ್ಟಿ ನಮ್ಮ ತಂಡದ ಮುಂದೆ ಬಂತು. ಒಂದು ಶಾಲೆಯಲ್ಲಿ ಜೂನ್, ಜುಲೈ ತಿಂಗಳ ಸಾಲುಗಳಲ್ಲಿ ಖಾಲಿ ಚೌಕಗಳೇ ಜಾಸ್ತಿ. ಆಗಸ್ಟ್‌ನಿಂದ ಅದೇ ಮಕ್ಕಳು ಬಹುತೇಕ ದಿನವೂ ಹಾಜರು. ವರದಿಯ ಕರಡಿನಲ್ಲಿ "ಮಳೆಗಾಲದಲ್ಲಿ ಪೋಷಕರ ಆಸಕ್ತಿ ಕಡಿಮೆ" ಅನ್ನುವ ಸಾಲು ಸೇರಿತು. ಉಡುಪಿಯವರು ಯಾರೇ ನೋಡಿದ್ದರೂ ಆ ಸಾಲು ಉಳಿಯುತ್ತಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಬೋಟುಗಳು ದಡ ಸೇರುತ್ತವೆ. ಬೋಟಿನಲ್ಲಿ, ಬಂದರಿನಲ್ಲಿ, ಮಂಜುಗಡ್ಡೆ ಕೆಲಸದಲ್ಲಿ ಇರುವ ಹೊರಗಿನ ಕುಟುಂಬಗಳಲ್ಲಿ ಹಲವು ಊರಿಗೆ ಹೊರಡುತ್ತವೆ. ಮಕ್ಕಳನ್ನು ಬಿಟ್ಟು ಹೋಗುವುದಕ್ಕೆ ಆಗುತ್ತದಾ? ಮುಖ್ಯ ಶಿಕ್ಷಕಿಯನ್ನು ಕೇಳಿದಾಗ ಅವರಿಗೆ ಅದು ಹೊಸ ವಿಷಯವೇ ಆಗಿರಲಿಲ್ಲ. "ಆಗಸ್ಟ್‌ಗೆ ಬರ್ತಾರೆ, ಪ್ರತಿ ವರ್ಷ ಹೀಗೇ" ಅಂದರು.

ಆ ಸಾಲು ತೆಗೆದೆವು. ಆಮೇಲೆ ನಿಜವಾದ ಪ್ರಶ್ನೆ ಕಾಣಿಸಿತು. ಒಂದನೇ ತರಗತಿಯ ಮಗು ಶಾಲೆಗೆ ಒಗ್ಗಿಕೊಳ್ಳುವುದೇ ಮೊದಲ ಎರಡು ತಿಂಗಳಲ್ಲಿ. ಸಮುದ್ರದ ಲೆಕ್ಕದಲ್ಲಿ ಬದುಕುವ ಮನೆಯ ಮಗುವಿಗೆ ಆ ಎರಡು ತಿಂಗಳು ಶಾಲೆಯೇ ಇಲ್ಲ. ಅಂಥ ಮಕ್ಕಳಿಗೆ ಆಗಸ್ಟ್‌ನಲ್ಲಿ ಬೇರೆ ಥರದ ಶುರು ಬೇಕು. ಪೋಷಕರ ಆಸಕ್ತಿ ಕಡಿಮೆ ಅಂತ ಬರೆದಿದ್ದರೆ ಪರಿಹಾರವಾಗಿ ಜಾಗೃತಿ ಜಾಥಾ ಬರುತ್ತಿತ್ತು, ಅಷ್ಟೇ.

ಇನ್ನೊಂದು ತೊಂದರೆ ಏನೆಂದರೆ, ಹೊರಗಿನಿಂದ ನೋಡುವವರಿಗೆ ನಮ್ಮ ಎರಡು ಜಿಲ್ಲೆಗಳಲ್ಲಿ ಸಮಸ್ಯೆಯೇ ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. "ನಿಮ್ಮ ಕಡೆ ಎಲ್ಲಾ ಸರಿ ಇದೆಯಲ್ಲ" ಅನ್ನುತ್ತಾರೆ. ಜಿಲ್ಲೆಯ ಸರಾಸರಿ ಚೆನ್ನಾಗಿದೆ, ಖುಷಿಯೇ. ಆದರೆ ಸರಾಸರಿಯ ಕೆಳಗೆ ಯಾರಿದ್ದಾರೆ ಅಂತ ನೋಡಬೇಕಾದರೆ ಬಂದರಿನ ಬದಿಯ ಶಾಲೆಗೂ ಹೋಗಬೇಕು, ಹೆಬ್ರಿಯ ಕಾಡಂಚಿನ ಶಾಲೆಗೂ ಹೋಗಬೇಕು.

ಭಾಷೆಯ ವಿಷಯದಲ್ಲಂತೂ ಊರಿನವರಾಗಿದ್ದರೆ ಎಷ್ಟು ಉಪಯೋಗ ಅಂತ ಪ್ರತಿ ಸಲ ಅನ್ನಿಸುತ್ತದೆ. 2011ರ ಜನಗಣತಿಯ ಪ್ರಕಾರ ತುಳು ಮಾತಾಡುವವರು 18 ಲಕ್ಷಕ್ಕೂ ಜಾಸ್ತಿ. ಅದರ ಜೊತೆಗೆ ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಈಗ ಉತ್ತರ ಕರ್ನಾಟಕದಿಂದ ಬಂದ ಮನೆಗಳ ಮಾತು. ಎಲ್ಲವೂ ಒಂದೇ ಕೋಣೆಯಲ್ಲಿ. ಎರಡನೇ ತರಗತಿಯ ಒಬ್ಬ ಹುಡುಗಿಗೆ ಚಿತ್ರ ತೋರಿಸಿ ಏನಾಗ್ತಿದೆ ಅಂತ ಕನ್ನಡದಲ್ಲಿ ಕೇಳಿದೆ. ಲಂಗದ ಅಂಚು ತಿರುಚುತ್ತಾ ಸುಮ್ನೆ ನಿಂತಳು. ಅದೇ ಪ್ರಶ್ನೆ ತುಳುವಿನಲ್ಲಿ ಕೇಳಿದೆ. ಚಿತ್ರದಲ್ಲಿದ್ದ ಆಡು ಯಾರದ್ದು, ಯಾಕೆ ಓಡಿತು, ಅದರ ಯಜಮಾನಿಗೆ ಎಷ್ಟು ಸಿಟ್ಟು ಬಂತು ಅಂತ ಬೆಲ್ ಹೊಡೆಯುವ ತನಕ ಹೇಳಿದಳು. ಕತೆ ಕಟ್ಟುವ ಶಕ್ತಿ ಅವಳಲ್ಲಿ ತುಂಬಿತ್ತು. ನಮ್ಮ ನಮೂನೆಯಲ್ಲಿ ಮೊದಲ ಮೌನಕ್ಕೆ ಮಾತ್ರ ಜಾಗ ಇತ್ತು. ಈಗ ಮನೆಮಾತಿನಲ್ಲಿ ಕೊಟ್ಟ ಉತ್ತರಕ್ಕೂ ಒಂದು ಕಲಂ ಇದೆ. ಅದಕ್ಕಾಗಿ ಮೀಟಿಂಗಿನಲ್ಲಿ ಸಾಕಷ್ಟು ವಾದ ಮಾಡಬೇಕಾಯಿತು. ಇನ್ನೂ ಮಾಡಲು ತಯಾರಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ, ಮನೆಯಿಂದ ಕೆಲಸ ಮಾಡುವುದರಲ್ಲಿರುವ ದೊಡ್ಡ ಅಪಾಯವನ್ನೂ ಹೇಳಬೇಕು. ಸ್ಕ್ರೀನಿನಲ್ಲಿ ಎಲ್ಲಾ ಸಿಗುತ್ತದೆ ಅನ್ನಿಸಲು ಶುರುವಾಗುತ್ತದೆ. ಫೋನ್ ಸಂದರ್ಶನ, ಗೂಗಲ್ ಫಾರ್ಮ್, ಶಿಕ್ಷಕರು ಕಳಿಸಿದ ವಿಡಿಯೋ, ಸಾಕಲ್ವಾ ಅಂತ. ಸಾಕಾಗುವುದಿಲ್ಲ. ಹಳ್ಳಿಯ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ, 2005ರಲ್ಲಿ ಶುರುವಾದ ಅಸರ್ ಸಮೀಕ್ಷೆಯನ್ನೇ ನೋಡಿ. ಪ್ರತಿ ಜಿಲ್ಲೆಯಲ್ಲಿ 30 ಹಳ್ಳಿ, ಹಳ್ಳಿಗೆ 20 ಮನೆ. ಮನೆಗೇ ಹೋಗಿ ಒಂದೊಂದು ಮಗುವಿನ ಎದುರು ಕೂತು ಅಕ್ಷರ, ಪದ, ಪ್ಯಾರಾ, ಕತೆ ಓದಿಸುತ್ತಾರೆ. 2020ರಲ್ಲಿ ಕೊರೋನಾದಿಂದಾಗಿ ಅದನ್ನು ಫೋನಿನಲ್ಲಿ ಮಾಡಬೇಕಾಯಿತು. ದಾಖಲಾತಿ ಕೇಳಿದರು, ಪಠ್ಯಪುಸ್ತಕ ಸಿಕ್ಕಿದೆಯಾ ಕೇಳಿದರು, ಮನೆಯಲ್ಲಿ ಮೊಬೈಲ್ ಇದೆಯಾ ಕೇಳಿದರು. ಮಗು ಓದುತ್ತದಾ ಅನ್ನುವುದನ್ನು ಫೋನಿನಲ್ಲಿ ಪರೀಕ್ಷಿಸಲು ಆಗಲಿಲ್ಲ. 2021ರಲ್ಲಿ ಕರ್ನಾಟಕದಲ್ಲಿ ಮತ್ತೆ ಮನೆ ಮನೆಗೆ ಹೋದ ಮೇಲೆಯೇ ಎಷ್ಟು ಕಲಿಕೆ ಕಳೆದುಹೋಗಿದೆ ಅಂತ ತಿಳಿದದ್ದು.

ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ ಕಲಿ ತರಗತಿಯ ವಿಡಿಯೋ ನೋಡಿದವರಿಗೆ ಇದು ಇನ್ನೂ ಬೇಗ ಅರ್ಥವಾಗುತ್ತದೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ನೆಲದ ಮೇಲೆ ಕೂರುತ್ತಾರೆ. ಮೊಬೈಲ್ ಹಿಡಿದವರ ಗಮನ ಸಹಜವಾಗಿ ಟೀಚರ್ ಇರುವ ಮೊದಲ ತಟ್ಟೆಯ ಮೇಲೆ. ಐದನೇ ತಟ್ಟೆ ಸ್ವಕಲಿಕೆಯದ್ದು, ಅಲ್ಲಿ ಮಗು ಟೀಚರ್ ಸಹಾಯ ಇಲ್ಲದೆ ತಾನೇ ಕಾರ್ಡ್ ಹಿಡಿದು ಕಲಿಯಬೇಕು. ಅಲ್ಲಿ ನಿಜವಾಗಿ ಕಲಿಕೆ ನಡೀತಾ ಇದೆಯಾ, ಇಲ್ಲ ಪಕ್ಕದವನ ಕಾರ್ಡ್ ನೋಡಿ ಬರೆಯುವುದು ನಡೀತಾ ಇದೆಯಾ? ಚಾಪೆಯ ಮೇಲೆ ಅವರ ಪಕ್ಕದಲ್ಲಿ ಕೂತರೆ ಮಾತ್ರ ಗೊತ್ತಾಗುತ್ತದೆ.

ಊರಿನವರೇ ಆಗಿರುವುದರಿಂದ ಒಂದು ಹೊಣೆಯೂ ಬರುತ್ತದೆ. ಉಡುಪಿ ಸಣ್ಣ ಊರು. ಮೇಷ್ಟ್ರ ಹೆಸರು ಹೇಳದಿದ್ದರೂ "ಆ ಹೈಸ್ಕೂಲಿನ ಗಣಿತದವರು" ಅಂದರೆ ಯಾರೆಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಶಿಕ್ಷಕರು ಸಂಶೋಧಕರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿಗಳ ಹೊರೆ, ಮೇಲಿನವರ ಒತ್ತಡ, ಎಲ್ಲಾ. ಆ ರೆಕಾರ್ಡಿಂಗ್ ಮನೆಯ ಹಾಲ್‌ನಲ್ಲಿ ಸ್ಪೀಕರ್‌ನಲ್ಲಿ ಕೇಳುವಂಥದ್ದಲ್ಲ. ಬಾಗಿಲು ಹಾಕಿಕೊಂಡು ಹೆಡ್‌ಫೋನ್‌ನಲ್ಲೇ ಕೇಳುತ್ತೇನೆ. ಬರೆದುಕೊಳ್ಳುವಾಗ ಹೆಸರಿನ ಜಾಗದಲ್ಲಿ ಮೊದಲೇ ಸಂಕೇತ ಹಾಕುತ್ತೇನೆ. ವರದಿಯಲ್ಲಿ ಗುರುತು ಸಿಗಬಹುದಾದ ವಿವರ ಇದ್ದರೆ, ಎಷ್ಟೇ ಚಂದದ ಮಾತಾದರೂ ಬಿಡುತ್ತೇನೆ. ಮನೆಯಿಂದ ಈ ಕೆಲಸ ಮಾಡುವ ಹೊಸಬರಿಗೆ ಸಂಸ್ಥೆಗಳು ಮೊದಲ ವಾರದಲ್ಲೇ ಇದನ್ನು ಕಲಿಸಬೇಕು.

ಮಳೆಗಾಲದಲ್ಲಿ ಕರೆಂಟ್ ಹೋಗುವುದು, ನೆಟ್ ಕೈಕೊಡುವುದು ಇದ್ದದ್ದೇ. ಅದು ಸುಧಾರಿಸಿಕೊಳ್ಳಬಹುದಾದ ಕಷ್ಟ. ಸುಧಾರಿಸಿಕೊಳ್ಳಲು ಆಗದ್ದು ಬೇರೆ ಇದೆ. ಲ್ಯಾಪ್‌ಟಾಪ್ ಎದುರು ಇದ್ದರೆ ಕೆಲಸ, ಶಾಲೆಯ ಜಗಲಿಯಲ್ಲಿ ಇದ್ದರೆ ರಜೆ ಅನ್ನುವ ಲೆಕ್ಕ. ಬೆಂಗಳೂರಿನಿಂದ ಯಾರಾದರೂ ಬಂದರೆ ಅದು ಕ್ಷೇತ್ರ ಭೇಟಿ, ಹೋಟೆಲ್, ಕಾರು ಎಲ್ಲಾ ಇರುತ್ತದೆ. ಇಲ್ಲೇ ಇರುವವರು ಬಸ್ ಹತ್ತಿ ಬೈಂದೂರಿನ ಶಾಲೆಯಲ್ಲಿ ದಿನ ಕಳೆದು ಬಂದರೆ ಅದಕ್ಕೆ ಹೆಸರೂ ಇಲ್ಲ, ಬಸ್ ಚಾರ್ಜೂ ಇಲ್ಲ. ಇದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ಶಿಕ್ಷಣ ಸಂಸ್ಥೆಗಳನ್ನು ನಡೆಸುವವರಲ್ಲಿ ಒಂದು ಮನವಿ. ಸಂಶೋಧಕರ ಹುದ್ದೆಗೆ ಜಾಹೀರಾತು ಕೊಡುವಾಗ ಜಿಲ್ಲೆಗಳಲ್ಲಿ ಇರುವವರನ್ನು ಹುಡುಕಿ. ಉಡುಪಿಯಲ್ಲಿ, ಬೀದರ್‌ನಲ್ಲಿ, ಚಾಮರಾಜನಗರದಲ್ಲಿ ಬಿ.ಎಡ್., ಎಂ.ಎ. ಮಾಡಿ, ಊರಿನ ಮಾತು ಬಲ್ಲ, ಶಾಲೆಗಳನ್ನು ಬಲ್ಲ ಯುವಕ ಯುವತಿಯರು ಇದ್ದಾರೆ. ಇಂಗ್ಲಿಷ್ ವರದಿ ಬರೆಯುವುದನ್ನು ಅವರಿಗೆ ಆಮೇಲೆ ಕಲಿಸಬಹುದು. ಮತ್ತು ವಾರಕ್ಕೆ ಎರಡು ದಿನ ಶಾಲೆಯಲ್ಲಿ ಇರಬೇಕು ಅಂತ ಕೆಲಸದ ಕರಾರಿನಲ್ಲೇ ಬರೆಯಿರಿ. ಬಸ್ ಚಾರ್ಜನ್ನೂ ಅದರಲ್ಲೇ ಸೇರಿಸಿ.